ಅವ್ವನ ಅಳತೆ

ಮೂರು ವರ್ಷದ ಹಿಂದೆ ಅವ್ವ ಊರು ಬಿಟ್ಟು ಬಸವೇಶ್ವರನಗರದ ನಮ್ಮ ಮನೆಗೆ ಬಂದು ನಿಂತಾಗ ಜೊತೆಗೆ ತಂದದ್ದು ಎರಡು ಟ್ರಂಕು, ಒಂದು ಕಂಬಳಿ, ಒಂದು ಜಾಡಿ ಮಿಡಿ ಉಪ್ಪಿನಕಾಯಿ. ಟ್ರಂಕಿನ ತಳದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಅದರೊಳಗೆ ಒಂದು ಪುಟ್ಟ ಯಂತ್ರ. ಮೇಜಿನ ಅಂಚಿಗೆ ಬಿಗಿಯಲು ಕೆಳಗೊಂದು ತಿರುಪು, ಪಕ್ಕಕ್ಕೊಂದು ತಿರುಗಿಸುವ ಹಿಡಿ, ನಡುವೆ ಹೆಬ್ಬೆರಳು ತೂರುವಷ್ಟು ಅಗಲದ ಗೂಡು. ಜೊತೆಗೆ ಮರದ ಹಿಡಿಯ ಒಂದು ಪುಟ್ಟ ಹಿತ್ತಾಳೆ ಬಟ್ಟಲು, ರಟ್ಟು ಕತ್ತರಿಸುವ ಒಂದು ಉಕ್ಕಿನ ಅಚ್ಚು.

"ಇದೇನತ್ತೆ, ಚಕ್ಕುಲಿ ಒರಳಾ?" ಎಂದಳು ಸೊಸೆ. ಪಾತ್ರೆ ತೊಳೆಯಲು ಬರುವ ಹೆಂಗಸು ಅದನ್ನು ತಿರುಗಿಸಿ ನೋಡಿ, "ಕಾಯಿ ತುರಿಯೋದು ಇರ್ಬೇಕಮ್ಮ, ಹಲ್ಲು ಸವೆದೋಗದೆ" ಎಂದು ತೀರ್ಪು ಕೊಟ್ಟಳು. ಕುರ್ಚಿಯಲ್ಲಿ ಕೂತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ಅದು ತೋಟಾದ ಬಾಯಿ ಮಡಚೋದು. ಎತ್ತಿಡಿ ಅತ್ಲಾಗೆ."

ತೋಟಾ ಎಂದರೆ ಅಡಿಕೆ ತೋಟವೂ ಅಲ್ಲ, ಕಾಫಿ ತೋಟವೂ ಅಲ್ಲ, ಕೋವಿಗೆ ಹಾಕುವ ತೋಟಾ ಎಂದು ಸೊಸೆಗೆ ಬಿಡಿಸಿ ಹೇಳಬೇಕಾಯಿತು. ಅವಳು ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವಳು. ಕೋವಿಯನ್ನು ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ನನಗೋ ಆ ಯಂತ್ರ ನೋಡಿದ ಕೂಡಲೇ ಕೊಪ್ಪದ ಸೀಮೆಯ ನಮ್ಮ ಮನೆಯ ಜಗುಲಿ, ಲಾಟೀನಿನ ಬೆಳಕು, ಗಂಧಕದ ವಾಸನೆ ಎಲ್ಲ ಒಟ್ಟಿಗೆ ಬಂದುಬಿಟ್ಟವು. ಅವುಗಳ ಹಿಂದೆಯೇ, ನಾವ್ಯಾರೂ ಮನೆಯಲ್ಲಿ ಎತ್ತದ ಒಂದು ಮಾತೂ ಬಂತು.

ಅದನ್ನು ಹೇಳುವ ಮೊದಲು ಒಂದಿಷ್ಟು ಹಳೆಯ ಕತೆ ಹೇಳಬೇಕು.

ನಮ್ಮ ಅಜ್ಜಯ್ಯನ ಕಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಇದ್ದದ್ದು ಕೇಪಿನ ಕೋವಿ. ಅದಕ್ಕೆ ಬಾಯಿಂದಲೇ ಎಲ್ಲ ತುಂಬಬೇಕು. ಮದ್ದು ಸುರಿದು, ಕತ್ತದ ಉಂಡೆ ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಸುರಿದು, ಮತ್ತೆ ಕತ್ತ ತುರುಕಿ, ಕೊನೆಗೆ ಹಿಂಬದಿಯಲ್ಲಿ ಕೇಪು ಕೂರಿಸಬೇಕು. ಇಷ್ಟು ಮಾಡುವುದರೊಳಗೆ ಹಂದಿ ಗದ್ದೆ ಮೇಯ್ದು ಮನೆಗೆ ಹೋಗಿರುತ್ತಿತ್ತು. ಆಷಾಢದ ಮಳೆಯಲ್ಲಂತೂ ಮದ್ದು ತೇವ ಹಿಡಿದು, ಕುದುರೆ ಬಡಿದರೆ ಚಟ್ ಎಂಬ ಸದ್ದು ಮಾತ್ರ.

ಮದ್ದು, ಚರೆ, ಕೇಪು ಮೂರನ್ನೂ ಒಂದೇ ಕೊಳವೆಯೊಳಗೆ ಕಟ್ಟಿ, ಕೋವಿಯ ನಡು ಮುರಿದು ಹಿಂದಿನಿಂದ ತೂರಿಸುವ ಉಪಾಯವನ್ನು 1830ರ ದಶಕದಲ್ಲಿ ಪ್ಯಾರಿಸ್ಸಿನ ಲೆಫೋಶೂ ಎಂಬ ಕೋವಿ ಕಮ್ಮಾರ ಚಾಲ್ತಿಗೆ ತಂದ. 1860ರ ದಶಕದ ಹೊತ್ತಿಗೆ ಕೇಪನ್ನು ತೋಟಾದ ತಳದ ಮಧ್ಯದಲ್ಲಿ ಕೂರಿಸುವ ಪದ್ಧತಿ ಬಂತು. ಇವತ್ತಿನ ತೋಟಾದ ರೂಪ ಅದೇ. ಹನ್ನೆರಡು ಬೋರು ಎಂಬ ಲೆಕ್ಕವಂತೂ ನಮ್ಮ ಅಡಿಗೆಮನೆಯ ಲೆಕ್ಕದ ಹಾಗೇ ಇದೆ. ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿದರೆ, ಅಂಥ ಒಂದು ಉಂಡೆ ಹಿಡಿಸುವ ನಳಿಗೆ ಹನ್ನೆರಡು ಬೋರಿನದು. ಹದಿನಾರು ಉಂಡೆ ಕಟ್ಟಿದರೆ ಉಂಡೆಯೂ ಸಣ್ಣದು, ನಳಿಗೆಯೂ ಸಣ್ಣದು. ಒಂದು ಸೇರು ಹಿಟ್ಟಿಗೆ ಎಷ್ಟು ಉಂಡೆ ಎಂದು ಕೇಳಿದ ಹಾಗೆ.

ತೋಟಾ ಬಂದ ಹೊಸತರಲ್ಲಿ ಇಂಗ್ಲೆಂಡಿನ ಬೇಟೆಗಾರರೂ ಅದನ್ನು ಮನೆಯಲ್ಲೇ ತುಂಬಿಕೊಳ್ಳುತ್ತಿದ್ದರು. ಕೋವಿಯ ಪೆಟ್ಟಿಗೆಯ ಜೊತೆಗೇ ಅಳತೆಯ ಬಟ್ಟಲು, ಕೇಪು ಕೂರಿಸುವ ಸಲಕರಣೆ, ರಟ್ಟಿನ ತೋಟಾದ ಬಾಯಿಯನ್ನು ಒಳಕ್ಕೆ ಮಡಚುವ ಈ ಕೈಯಂತ್ರ ಎಲ್ಲ ಸಿಗುತ್ತಿತ್ತು. ದೊರೆಗಳಿಗೆ ಅದು ಸಂಜೆಯ ಹವ್ಯಾಸ. ನಮ್ಮಂಥ ಮನೆಗೆ ಅದು ಉಳಿತಾಯದ ದಾರಿ. ಅಂಗಡಿಯ ತೋಟಾ ಒಂದು ಹಾರಿಸಿದರೆ ಒಂದು ಆಳಿನ ದಿನಗೂಲಿ ಹಾರಿಹೋದ ಹಾಗೆ ಎಂದು ಅಪ್ಪಯ್ಯ ಅನ್ನುತ್ತಿದ್ದರು. ಅದರಲ್ಲಿ ಸುಟ್ಟುಹೋಗುವುದು ಮದ್ದು, ಹಾರಿಹೋಗುವುದು ಚರೆ. ಕೊಳವೆ ಹಾಗೇ ಉಳಿಯುತ್ತದೆ. ರಟ್ಟಿನದಾದರೆ ಎರಡು ಮೂರು ಸಲಕ್ಕೆ ಬಂದೀತು. ಹಿತ್ತಾಳೆಯದಾದರೆ ಜೋಪಾನ ಮಾಡಿದಷ್ಟೂ ವರ್ಷ.

ಜೋಪಾನ ಮಾಡುವವರು ಯಾರು? ಇಲ್ಲಿಂದ ಅವ್ವನ ಕತೆ.

ಗದ್ದೆ ಕಾಯುವ ದಿನಗಳಲ್ಲಿ ಅಪ್ಪಯ್ಯ ಖಾಲಿ ತೋಟಾಗಳನ್ನು ತಂದು ಜಗುಲಿಯ ಮೇಲೆ ಸುರಿಯುತ್ತಿದ್ದರು. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿ ಉಪ್ಪಿನ ಹಾಗೆ ನೀರನ್ನು ಎಳೆದುಕೊಂಡು ಲೋಹವನ್ನು ತಿನ್ನುತ್ತದೆ. ಅವತ್ತೇ ತೊಳೆಯದಿದ್ದರೆ ಹಿತ್ತಾಳೆ ಹಸಿರು ಕಟ್ಟುತ್ತದೆ. ಅವ್ವ ಅವನ್ನು ದೇವರ ದೀಪದ ಜೊತೆಗೇ ಹುಣಸೆಹಣ್ಣು ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು, ಮೊರದಲ್ಲಿ ಹರವಿ ಒಣಗಿಸುತ್ತಿದ್ದಳು. ಮದ್ದಿಗೂ ಚರೆಗೂ ನಡುವೆ ಇಡುವ ಬಿಲ್ಲೆಗೆ ರಟ್ಟು ಬೇಕು. ಮನೆಗೆ ಬಂದ ಲಗ್ನಪತ್ರಿಕೆ, ಹಳೇ ಕ್ಯಾಲೆಂಡರಿನ ಬೆನ್ನು, ಹರಿದ ಪಟ್ಟಿ ಪುಸ್ತಕದ ರಟ್ಟು ಎಲ್ಲ ಅವಳ ಬುಟ್ಟಿಗೆ. ಒರಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ಅಚ್ಚಿಟ್ಟು ಕೊಡತಿಯಿಂದ ಒಂದೇ ಏಟು. ಉರುಟಾದ ಬಿಲ್ಲೆ ಕಳಚಿ ಬೀಳುತ್ತಿತ್ತು. ಇವತ್ತಿಗೂ ಮನೆಗೆ ಲಗ್ನಪತ್ರಿಕೆ ಬಂದರೆ ಅವ್ವ ಮೊದಲು ಎರಡು ಬೆರಳಲ್ಲಿ ಅದರ ದಪ್ಪ ನೋಡುತ್ತಾಳೆ. ಹುಡುಗ ಯಾರು, ಹುಡುಗಿ ಯಾರು ಎಂಬುದು ಆಮೇಲೆ. ಹಿತ್ತಾಳೆ ತೋಟಾದ ಬಾಯಿಗೆ ಕೊನೆಯ ಬಿಲ್ಲೆ ಇಟ್ಟು ಹೆಜ್ಜೇನಿನ ಮೇಣದಿಂದ ಮೆತ್ತುವುದು ನಮ್ಮ ಮಕ್ಕಳ ಕೆಲಸ. ರಟ್ಟಿನದರ ಬಾಯಿ ಮಡಚಲು ಈ ಯಂತ್ರದ ಹಿಡಿ ತಿರುಗಿಸುವುದಕ್ಕೆ ನಾನೂ ಅಣ್ಣನೂ ಜಗಳವಾಡುತ್ತಿದ್ದೆವು.

ಚರೆ ಸಾಲದಾದಾಗ ಸೀಸ ಕರಗಿಸುವ ಕೆಲಸವೂ ಅಡಿಗೆ ಒಲೆಯಲ್ಲೇ ಆಗುತ್ತಿತ್ತು. ಎತ್ತರದಿಂದ ಬೀಳುವ ಕರಗಿದ ಸೀಸ ಮಳೆಹನಿಯ ಹಾಗೆ ತಾನೇ ಉರುಟಾಗುತ್ತದೆ ಎಂದು ಕಂಡುಕೊಂಡು 1782ರಲ್ಲಿ ಅದರ ಹಕ್ಕು ಪಡೆದವನು ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್. ಅವನು ಅದಕ್ಕೆಂದೇ ಗೋಪುರ ಕಟ್ಟಿಸಿದ. ನಮ್ಮ ಮನೆಯ ಗೋಪುರವೆಂದರೆ ತೂತು ಮಾಡಿದ ಒಂದು ಸೌಟು, ಕೆಳಗೊಂದು ನೀರಿನ ಬಾನಿ. ಅರ್ಧ ಚರೆ, ಅರ್ಧ ಗೊದಮೊಟ್ಟೆಯ ಮರಿ! ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ಎಷ್ಟು ಕೆಟ್ಟದ್ದೆಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಆ ಒಲೆಯ ಪಕ್ಕದಲ್ಲೇ ನಮ್ಮ ತೊಟ್ಟಿಲು ತೂಗುತ್ತಿತ್ತು.

ಮದ್ದಿನ ವಿಷಯದಲ್ಲಿ ಮಾತ್ರ ಅವ್ವ ಕಟ್ಟುನಿಟ್ಟು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಆ ಕಪ್ಪು ಪುಡಿಯ ಡಬ್ಬಿ ಒಲೆಯಿರುವ ಮನೆಗೆ ಬರಕೂಡದು. ಅಂಗಳದಾಚೆಯ ಪಣತದಲ್ಲೇ ಇರಬೇಕು. ಕೆಂಗೇರಿಯಿಂದ ಮೈಸೂರಿನ ರೈಲು ಹತ್ತಿ ಶ್ರೀರಂಗಪಟ್ಟಣ ದಾಟುವಾಗ ನನಗೆ ಈಗಲೂ ಆ ಪಣತ ನೆನಪಾಗುತ್ತದೆ. ಅಲ್ಲಿ ಜೋಡಿ ಹಳಿ ಹಾಕಲು ಅಡ್ಡ ಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಇಟ್ಟಿಗೆ ಗಾರೆಯ ದಪ್ಪ ಗೋಡೆಯ ಆ ಪುಟ್ಟ ಕಟ್ಟಡವನ್ನು ಕಟ್ಟಿದ್ದೂ ನಮ್ಮ ಅವ್ವನ ವಿಚಾರದಿಂದಲೇ: ಮದ್ದು ಒಣಗಿರಬೇಕು, ತಂಪಾಗಿರಬೇಕು, ಜನರಿಂದ ದೂರವಿರಬೇಕು.

ಪಣತದಿಂದ ಮದ್ದು ತಂದು, ಹಿತ್ತಾಳೆ ಬಟ್ಟಲಲ್ಲಿ ತುಂಬಿ, ಬೆರಳಲ್ಲಿ ಸಮ ಮಾಡಿ, ಒಂದೊಂದೇ ತೋಟಾಕ್ಕೆ ಸುರಿಯುವವಳೂ ಅವ್ವನೇ. ಅಪ್ಪಯ್ಯನ ಕೈ ಒರಟು, ಒಂದರಲ್ಲಿ ಹೆಚ್ಚು ಒಂದರಲ್ಲಿ ಕಮ್ಮಿ. ಅವ್ವನದು ನೂರಕ್ಕೆ ನೂರೂ ಒಂದೇ. ಆದರೆ ಕೋವಿಯ ಪರವಾನಗಿಯಲ್ಲಿ ಇದ್ದದ್ದು ಅಪ್ಪಯ್ಯನ ಹೆಸರು. ಬೆಳೆ ರಕ್ಷಣೆಗೆಂದು ಕೊಟ್ಟ ಆ ಪುಸ್ತಕದಲ್ಲಿ ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂದು ಬರೆದಿತ್ತು. ಮನೆಯಲ್ಲಿ ತುಂಬಿದ್ದು ಯಾವ ಪುಸ್ತಕದ ಲೆಕ್ಕಕ್ಕೂ ಇರಲಿಲ್ಲ, ಅವ್ವನ ಕೆಲಸದ ಹಾಗೆ.

ಕಾನೂನಿನ ಕತೆಯನ್ನೂ ಹೇಳಿಬಿಡುತ್ತೇನೆ. ಬ್ರಿಟಿಷರು 1878ರಲ್ಲಿ ತಂದ ಆಯುಧ ಕಾಯ್ದೆ ನಮ್ಮವರಿಗೆಲ್ಲ ಪರವಾನಗಿ ಬೇಕೆಂದಿತು, ತಮ್ಮವರಿಗೆ ಮಾತ್ರ ಬೇಡವೆಂದಿತು. ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಕಾಯ್ದೆಯಾಗಿ, 1962ರಿಂದ ಜಾರಿಗೆ ಬಂತು. ಅದರ ಪ್ರಕಾರ ಕೋವಿ ಇಟ್ಟುಕೊಳ್ಳಲು ಬೇಕಾದ ಹಾಗೇ ಮದ್ದುಗುಂಡು ತಯಾರಿಸಲೂ ಬೇರೆ ಪರವಾನಗಿ ಬೇಕು. ನಮ್ಮ ಸೀಮೆಯ ಜಗುಲಿಗಳಿಗೆ ಆ ಸುದ್ದಿ ಬಹಳ ನಿಧಾನವಾಗಿ ತಲುಪಿತು. ಕೊಡಗಿನದು ಬೇರೆಯೇ ದಾರಿ. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ನಡೆದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ನಮ್ಮ ಎದುರು ಮನೆಯ ಕೊಡವ ಗೆಳತಿ ಕೈಲ್‌ಪೋಳ್ದ್ ಹಬ್ಬಕ್ಕೆ ಊರಿಗೆ ಹೋಗಿ ಬಂದರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಹೆಂಗಸರು ಎಷ್ಟು ಕಾಯಿ ಉರುಳಿಸಿದರೆಂದು ಹೇಳಿ ನಗುತ್ತಾಳೆ. ಅವ್ವ ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಸಾವಿರ ತೋಟಾ ತುಂಬಿದ ಅವಳು ಒಂದನ್ನೂ ಹಾರಿಸಿದವಳಲ್ಲ.

ಈಗ ನಾವು ಮನೆಯಲ್ಲಿ ಎತ್ತದ ಆ ಮಾತು.

1969ರ ದೀಪಾವಳಿ ಕಳೆದ ವಾರ. ಗದ್ದೆಯಲ್ಲಿ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು, ಹಂದಿಯ ಕಾಟ ಶುರುವಾಗಿತ್ತು. ನನಗೆ ಹತ್ತು ವರ್ಷ. ಮದ್ದು ಮುಗಿದಿತ್ತು. ಚಿಕ್ಕಪ್ಪ ಪೇಟೆಯಲ್ಲಿ ಯಾರೋ ಕೊಟ್ಟರೆಂದು ಒಂದು ತಗಡಿನ ಡಬ್ಬಿ ತಂದರು. ಆ ರಾತ್ರಿ ಎಂದಿನ ಹಾಗೆ ಎಲ್ಲರೂ ಕೂತು ತುಂಬಿದೆವು. ಮಾರನೆಯ ರಾತ್ರಿ ಗದ್ದೆಯ ಮಾಳದಿಂದ ಒಂದು ಈಡಿನ ಸದ್ದು ಕೇಳಿತು, ಆದರೆ ಅದು ಈಡಿನ ಸದ್ದಿನ ಹಾಗಿರಲಿಲ್ಲ. ಕೋವಿಯ ನಳಿಗೆ ಹಿಂಬದಿಯಲ್ಲೇ ಒಡೆದು, ಕೆಳಗೆ ಹಿಡಿದಿದ್ದ ಚಿಕ್ಕಪ್ಪನ ಎಡಗೈಯ ಎರಡು ಬೆರಳು ಹೋಗಿದ್ದವು. ಕಂಬಳಿಯಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ಮಲಗಿಸಿ ಕರೆದೊಯ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಯಾರೂ ಅವ್ವನನ್ನು ಬೈಯಲಿಲ್ಲ. ಅಜ್ಜಿ ಮಾತ್ರ ಒಂದು ಸಲ, ಒಂದೇ ಸಲ, ಒಲೆಯ ಮುಂದೆ ಕೂತು ಹೇಳಿದರು: "ಅಳತೆ ತಪ್ಪಿತು." ಅಪ್ಪಯ್ಯ ಇಲ್ಲವೆನ್ನಲಿಲ್ಲ. ಮನೆಯಲ್ಲಿ ತೋಟಾ ತುಂಬುವುದು ಅಂದಿಗೆ ನಿಂತಿತು. ಅಂದಿನಿಂದ ಅವ್ವ ಯಾರಿಗೂ ಯಾವುದರ ಅಳತೆಯನ್ನೂ ಹೇಳಲಿಲ್ಲ. ಅವಳ ಕಷಾಯದ ಪುಡಿ ನಮ್ಮ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. "ಎಷ್ಟೆಷ್ಟು ಹಾಕ್ತೀರಿ?" ಎಂದು ಯಾರಾದರೂ ಕೇಳಿದರೆ, "ನನ್ನ ಅಳತೆ ಕೇಳಬೇಡಿ" ಎಂದು ಎದ್ದು ಹೋಗುತ್ತಿದ್ದಳು. ಬಿಗುಮಾನವೆಂದು ಜನ ತಿಳಿದರು. ನಾನೂ ಎಷ್ಟೋ ವರ್ಷ ಹಾಗೇ ತಿಳಿದಿದ್ದೆ.

ಡಬ್ಬಿ ಸಿಕ್ಕಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಗುರುತಿನವರೊಬ್ಬರು ರಾಜಾಜಿನಗರದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆಂದು ಹೇಳಿದರು. ಕೆಲಸ ಬಿಟ್ಟು ಎಷ್ಟೋ ವರ್ಷವಾದವರು. ಯಂತ್ರವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋದೆ. ಮೇಸ್ತ್ರಿಗಳು ಮೊದಲು ಕೇಳಿದ್ದು, "ತುಂಬಿದ ತೋಟಾ, ಕೇಪು ಏನಾದ್ರೂ ಮನೇಲಿ ಉಳಿದಿದೆಯೇನಮ್ಮ?" ಎಂದು. ಅಪ್ಪಯ್ಯ ಹೋದ ವರ್ಷವೇ ಅಣ್ಣ ಆಮೇಲೆ ಕೊಂಡಿದ್ದ ಕೋವಿಯನ್ನೂ ಇದ್ದಬದ್ದ ತೋಟಾಗಳನ್ನೂ ಖಾಲಿ ಕೊಳವೆ ಸಮೇತ ಠಾಣೆಗೆ ಒಪ್ಪಿಸಿದ್ದ ಎಂದ ಮೇಲೆ ಅವರಿಗೆ ಸಮಾಧಾನವಾಯಿತು. ನಾನು ಕತೆ ಹೇಳಿದೆ. ಒಡೆದ ಕೋವಿ ಎಂಥದೆಂದು ಕೇಳಿದರು. ಅಜ್ಜಯ್ಯನ ಕಾಲದ್ದು, ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆಯಿತ್ತು ಎಂದೆ. ಅವರು ಕನ್ನಡಕ ತೆಗೆದರು.

"ಆ ಮದ್ದು ಯಾವ ಬಣ್ಣ ಇತ್ತು?"

ನನಗೆ ಗೊತ್ತಿರಲಿಲ್ಲ.

ಅವರು ವಿವರಿಸಿದ್ದನ್ನು ಆಮೇಲೆ ಪುಸ್ತಕಗಳಲ್ಲೂ ಓದಿ ನೋಡಿದೆ. ಕೋವಿಯ ಮದ್ದಿನಲ್ಲಿ ಎರಡು ಜಾತಿ. ಒಂದು ನೂರಾರು ವರ್ಷದಿಂದ ಬಂದ ಕರಿಮದ್ದು. ಇನ್ನೊಂದು ಹೊಗೆಯಿಲ್ಲದ ಮದ್ದು. ನಳಿಗೆಗಳ ಬಂದೂಕಿಗಾಗಿ ಅದನ್ನು 1884ರಲ್ಲಿ ಹದಕ್ಕೆ ತಂದವನು ಫ್ರಾನ್ಸಿನ ಪಾಲ್ ವಿಯೆಲ್ ಎಂಬ ರಸಾಯನಶಾಸ್ತ್ರಿ. ಇದಕ್ಕೆ ಹೊಗೆ ಕಮ್ಮಿ, ಬಲ ಹೆಚ್ಚು. ಕರಿಮದ್ದಿನ ಬಟ್ಟಲಿನಿಂದ ಇದನ್ನು ಅಳೆದು ಹಾಕಿದರೆ ನಳಿಗೆಯೊಳಗಿನ ಒತ್ತಡ ತಡೆಯಲಾರದಷ್ಟು ಏರುತ್ತದೆ. ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದ ಹಳೆಯ ನಳಿಗೆಗಳು ಕರಿಮದ್ದಿಗೆಂದೇ ಮಾಡಿದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾಯ್ದೆ ಮಾಡಿ ಕಟ್ಟಿದ ಪರೀಕ್ಷೆಯ ಮನೆಯೊಂದಿದೆ. ನಳಿಗೆಗಳಿಗೆ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿದವಕ್ಕೆ ಮಾತ್ರ ಅಲ್ಲಿ ಮುದ್ರೆ ಒತ್ತುತ್ತಾರೆ. ಹೊಸ ಮದ್ದು ಬಂದ ಮೇಲೆ ಅದಕ್ಕೆ ಬೇರೆಯೇ ಮುದ್ರೆ ಬಂತು. ಆ ಮುದ್ರೆ ಓದಿ ನೋಡುವವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದರು?

ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿಯೂ ಇದೆ. ಕರಿಮದ್ದನ್ನು ಡ್ರಾಂ ಎಂಬ ಅಳತೆಯಲ್ಲಿ ಹೇಳುತ್ತಿದ್ದರು. ಹೊಸ ಮದ್ದು ಬಂದ ಮೇಲೂ ತೋಟಾದ ಪೆಟ್ಟಿಗೆಗಳ ಮೇಲೆ ಅದೇ ಡ್ರಾಂ ಲೆಕ್ಕ ಉಳಿದುಕೊಂಡಿತು. ಇಷ್ಟು ಡ್ರಾಂ ಕರಿಮದ್ದಿಗೆ ಸಮನಾದ ಬಲ ಎಂದು ಅದರ ಅರ್ಥ. ಅಷ್ಟು ಮದ್ದು ಹಾಕಿದೆ ಎಂದಲ್ಲ. ಅದನ್ನು ಹಾಗೇ ಓದಿಕೊಂಡು ಅಷ್ಟೇ ಮದ್ದು ತುಂಬಿ ಕೋವಿ ಒಡೆದುಕೊಂಡವರು ಬೇರೆ ದೇಶಗಳಲ್ಲೂ ಇದ್ದಾರೆ. ನಮ್ಮ ಜಗುಲಿಯ ಮೇಲೆ ಕೂತವರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಅಪ್ಪಯ್ಯ, ಚಿಕ್ಕಪ್ಪ ಇಬ್ಬರೇ. ಡಬ್ಬಿಯ ಮೇಲಿನ ಬರಹ ಓದಬಹುದಾಗಿದ್ದವರೂ ಅವರೇ.

ಸಂಜೆ ಮನೆಗೆ ಬಂದು ಅವ್ವನ ಹತ್ತಿರ ಕೂತೆ. ಹೂಬತ್ತಿ ಹೊಸೆಯುತ್ತಿದ್ದಳು.

"ಅವ್ವ, ಚಿಕ್ಕಪ್ಪ ಅವತ್ತು ತಂದಿದ್ದ ಮದ್ದು ಯಾವ ಬಣ್ಣ ಇತ್ತು, ನೆನಪಿದೆಯಾ?"

ಅವಳು ಯೋಚಿಸಲೇ ಇಲ್ಲ. "ಬೂದಿ ಬಣ್ಣ. ಪುಡಿ ಅಲ್ಲ, ಸಣ್ಣ ಸಣ್ಣ ಚಕ್ಕೆ. ಕೈಗೆ ಹತ್ತಿದರೆ ಮಸಿ ಆಗ್ತಿರ್ಲಿಲ್ಲ. ಗಂಧಕದ ವಾಸನೆನೂ ಇರ್ಲಿಲ್ಲ."

"ನಿನಗೆ ಆಗಲೇ ಗೊತ್ತಾಗಿತ್ತಾ?"

"ಗೊತ್ತಾಗದೆ ಏನು? ದಿನಾ ಮುಟ್ಟೋ ಪುಡಿ. ಇದು ಬೇರೆ ಥರ ಇದೆಯಲ್ಲ ಅಂತ ಕೇಳಿದೆ. ಮದ್ದು ಅಂದ್ರೆ ಮದ್ದೇ, ನಿನ್ನ ಕೆಲಸ ನೋಡು ಅಂದ್ರು ನಿಮ್ಮಪ್ಪಯ್ಯ."

ಮೇಸ್ತ್ರಿಗಳು ಹೇಳಿದ್ದನ್ನೆಲ್ಲ ಹೇಳಿದೆ. ಎರಡು ಜಾತಿಯ ಮದ್ದು, ಹಳೇ ನಳಿಗೆ, ಡ್ರಾಂ ಲೆಕ್ಕ. ಅಳತೆ ಸರಿಯಾಗಿತ್ತು ಅವ್ವ, ಮದ್ದೇ ಬೇರೆಯದು ಎಂದೆ. ಹೇಳುವಾಗ ನನಗೇ ಗಂಟಲು ಕಟ್ಟಿತು. ಐವತ್ತು ವರ್ಷದ ಹೊರೆ ಇಳಿಸುತ್ತಿದ್ದೇನೆಂದು ನಾನು ತಿಳಿದಿದ್ದೆ.

ಅವ್ವ ಬತ್ತಿಯನ್ನು ತಟ್ಟೆಯಲ್ಲಿಟ್ಟು ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡಳು. "ಅಳತೆ ಸರಿ ಇತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೇ. ಕೇಳಿದವ್ರು ಯಾರು?"

ನಾನು ಏನೂ ಹೇಳಲಿಲ್ಲ. ಆ ಜಗುಲಿಯಲ್ಲಿ ಹತ್ತು ವರ್ಷದ ನಾನೂ ಇದ್ದೆ. ಅವಳು ಕೇಳಿದ್ದು ನನ್ನ ಕಿವಿಗೂ ಬಿದ್ದಿರಬೇಕು. ಆಮೇಲೆ ಓದಿದೆ, ಬೆಂಗಳೂರಿಗೆ ಬಂದೆ, ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿದೆ. ಪಾಣಿಪತ್ತಿನಲ್ಲಿ ಯಾರ ಬಳಿ ಎಷ್ಟು ಫಿರಂಗಿಯಿತ್ತೆಂದು ಮಕ್ಕಳ ಬಾಯಲ್ಲಿ ಹೇಳಿಸಿದೆ. ನಮ್ಮ ಮನೆಯ ಬಟ್ಟಲಲ್ಲಿ ಏನಿತ್ತೆಂದು ಅವಳನ್ನು ಕೇಳಲು ನನಗೂ ಐವತ್ತು ವರ್ಷ ಬೇಕಾಯಿತು.

ಆ ಕಾಲ ಮುಗಿಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಅದರಲ್ಲಿ ಉಳಿದಿದ್ದ ಬೇಟೆಯ ಪರವಾನಗಿಗಳೂ 1991ರ ತಿದ್ದುಪಡಿಯಲ್ಲಿ ಹೋದವು. ಕಾಡಿನ ಪ್ರಾಣಿಗಳ ಪಾಲಿಗೆ ಅದು ಒಳ್ಳೆಯದೇ ಆಯಿತು. ಗದ್ದೆಯವರ ಗೋಳು ಇನ್ನೂ ಇದೆ. ಊರಲ್ಲಿ ಕೋವಿ ಉಳಿಸಿಕೊಂಡವರು ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿಟ್ಟು, ಮುಗಿದ ಮೇಲೆ ಮತ್ತೆ ಬಿಡಿಸಿಕೊಂಡು ಬರುತ್ತಾರೆ. ತೋಟಾ ಕೂಡ ಈಗ ಪ್ಲಾಸ್ಟಿಕ್ಕಿನದು. ಮಹಾರಾಷ್ಟ್ರದ ಖಡ್ಕಿಯಲ್ಲಿರುವ ಮದ್ದುಗುಂಡಿನ ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ಜಗುಲಿಯಲ್ಲಿ ಕೂತು ಅದನ್ನು ತುಂಬುವ ಉಳಿತಾಯ ಯಾರಿಗೂ ಬೇಡ. ನಮ್ಮ ಚಿಕ್ಕಪ್ಪ ಕೊನೆಯವರೆಗೂ ಮೂರು ಬೆರಳಿನ ಎಡಗೈಯಲ್ಲೇ ಅಡಿಕೆ ಸುಲಿದರು.

ಆ ಮಾತಾಡಿ ನಾಲ್ಕೈದು ದಿನವಾಗಿತ್ತು. ಬೆಳಿಗ್ಗೆ ಅಡಿಗೆಮನೆಯಲ್ಲಿ ಏನೋ ಹುರಿಯುವ ಘಮ ಬಂತು. ಹೋಗಿ ನೋಡಿದರೆ ಅವ್ವ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ, ಸೊಸೆ ಪಕ್ಕದಲ್ಲಿ ಪೆನ್ನು ಹಿಡಿದು ನಿಂತಿದ್ದಾಳೆ. ಮುಂದೆ ಆ ಹಿತ್ತಾಳೆ ಬಟ್ಟಲು ಇದ್ದೀತೆಂದು ಒಂದು ಕ್ಷಣ ಅಂದುಕೊಂಡೆ. ಇರಲಿಲ್ಲ. ಅದು ಡಬ್ಬಿಯೊಳಗೆ ಅಟ್ಟದ ಮೇಲೇ ಇತ್ತು. ಸೀಸ, ಮದ್ದು ಮುಟ್ಟಿದ್ದನ್ನು ಅಡಿಗೆಮನೆಗೆ ತರುವವಳಲ್ಲ ಅವಳು ಈಗ. ಎದುರಿಗಿದ್ದದ್ದು ನಮ್ಮ ಮಾಮೂಲು ಸ್ಟೀಲ್ ಲೋಟ.

"ಕೊತ್ತಂಬರಿ ನಾಲ್ಕು ಲೋಟ," ಎನ್ನುತ್ತಿದ್ದಳು ಅವ್ವ. "ತುಂಬಿ ತುಳುಕೋ ಹಾಗಲ್ಲ. ಬೆರಳಲ್ಲಿ ಹೀಗೆ ಸಮ ಮಾಡಿ. ಬರ್ಕೊಂಡ್ಯಾ? ಜೀರಿಗೆ ಒಂದು ಲೋಟ..."